ಗ್ಯಾಸ್ ದೀಪ ಲೆಕ್ಕ ಹಾಕಿದ ಎಡಿಸನ್

ಎಡಿಸನ್ ಅಂದ ತಕ್ಷಣ ಎಲ್ಲರ ತಲೆಯಲ್ಲೂ ಒಂದು ಬಲ್ಬ್ ಹತ್ತಿಕೊಳ್ಳುತ್ತೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದೂ ಅಷ್ಟೇ. ಬಲ್ಬ್ ಕಂಡುಹಿಡಿದವರು ಯಾರು? ಎಡಿಸನ್. ಒಂದು ಮಾರ್ಕ್ಸ್. ಆದರೆ ಈ ಉತ್ತರ ಪೂರ್ತಿ ಸರಿ ಅಲ್ಲ. ಎಡಿಸನ್‌ಗಿಂತ ಮುಂಚೆನೇ ಹಲವರು ತಂತಿಗೆ ಕರೆಂಟ್ ಕೊಟ್ಟು ಬೆಳಕು ತೋರಿಸಿದ್ದರು. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಅದೇ ಸಮಯದಲ್ಲಿ ಅದೇ ಕೆಲಸ ಮಾಡ್ತಾ ಇದ್ದ. ಹಾಗಾದರೆ ಎಡಿಸನ್ ಮಾಡಿದ್ದೇನು? ನನ್ನ ಪ್ರಕಾರ, ಬೇರೆಯವರ ಆಫೀಸಿನಲ್ಲಿ ಆಗಲೇ ಚೆನ್ನಾಗಿ ಉರೀತಾ ಇದ್ದ ದೀಪವನ್ನ ತೆಗೆಸಿ ಹೊಸ ದೀಪ ಹಾಕಿಸಿದ. ಕೇಳೋಕೆ ಸಣ್ಣ ವಿಷಯ. ಆದರೆ ಈಗ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ, ಸೆನ್ಸರ್ ಕೂರಿಸಿ, ಇಡೀ ಬಿಲ್ಡಿಂಗನ್ನ ಒಂದು ಆ್ಯಪ್‌ನಲ್ಲಿ ಕಂಟ್ರೋಲ್ ಮಾಡ್ತೀವಿ ಅಂತ ಬರೋ ಕಂಪನಿಗಳಿಗೆ ಇರೋ ತಲೆನೋವೆಲ್ಲ ಆತನಿಗೂ ಇತ್ತು, 140 ವರ್ಷದ ಹಿಂದೆ. ಆ ದೃಷ್ಟಿಯಿಂದ ಆತನ ಜೀವನವನ್ನ ಒಮ್ಮೆ ನೋಡೋಣ.

ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೋ ರಾಜ್ಯದ ಮಿಲನ್ ಅನ್ನೋ ಊರಿನಲ್ಲಿ. ಏಳು ವರ್ಷದವನಿದ್ದಾಗ ಮನೆಯವರು ಮಿಷಿಗನ್‌ನ ಪೋರ್ಟ್ ಹ್ಯೂರನ್‌ಗೆ ಹೋದರು. ಶಾಲೆಗೆ ಹೋಗಿದ್ದು ಕೆಲವೇ ತಿಂಗಳು, ಆಮೇಲೆ ಅಮ್ಮ ನ್ಯಾನ್ಸಿನೇ ಮನೆಯಲ್ಲಿ ಓದಿಸಿದರು. ಹನ್ನೆರಡನೇ ವಯಸ್ಸಿಗೆ ಪೋರ್ಟ್ ಹ್ಯೂರನ್ ಮತ್ತು ಡೆಟ್ರಾಯ್ಟ್ ನಡುವಿನ ರೈಲಿನಲ್ಲಿ ಪೇಪರ್, ಮಿಠಾಯಿ ಮಾರೋ ಕೆಲಸ. ಲಗೇಜ್ ಬೋಗಿಯಲ್ಲೇ ಒಂದು ಪುಟ್ಟ ಕೆಮಿಸ್ಟ್ರಿ ಲ್ಯಾಬ್ ಇಟ್ಟುಕೊಂಡು ಬೆಂಕಿ ಹಚ್ಚಿಕೊಂಡಿದ್ದು ಎಲ್ಲರಿಗೂ ಗೊತ್ತಿರೋ ಕಥೆ. ಕಿವಿ ಮಂದ ಆಗಿದ್ದೂ ಚಿಕ್ಕ ವಯಸ್ಸಿನಲ್ಲೇ. ಒಮ್ಮೆ ಸ್ಟೇಷನ್ ಮಾಸ್ಟರ್ ಒಬ್ಬರ ಮಗುವನ್ನ ರೈಲಿನ ಕೆಳಗೆ ಹೋಗದಂತೆ ಕಾಪಾಡಿದ್ದಕ್ಕೆ ಆತ ಟೆಲಿಗ್ರಾಫ್ ಕಲಿಸಿಕೊಟ್ಟ. ಎಡಿಸನ್‌ಗೆ ಸಿಕ್ಕ ಇಂಜಿನಿಯರಿಂಗ್ ಕಾಲೇಜು ಅದೇ.

ಟೆಲಿಗ್ರಾಫ್ ದಿನಗಳ ಒಂದು ಘಟನೆ ನನಗೆ ತುಂಬಾ ಇಷ್ಟ. ಕೆನಡಾದ ಸ್ಟ್ರಾಟ್‌ಫರ್ಡ್ ಜಂಕ್ಷನ್‌ನಲ್ಲಿ ರಾತ್ರಿ ಪಾಳಿ. ಆಪರೇಟರ್ ಎಚ್ಚರವಾಗಿದ್ದಾನೆ ಅಂತ ತೋರಿಸೋಕೆ ಗಂಟೆಗೊಮ್ಮೆ ಒಂದು ಸಿಗ್ನಲ್ ಕಳಿಸಬೇಕು ಅನ್ನೋ ರೂಲ್ ಇತ್ತು. ಹಗಲೆಲ್ಲ ಪ್ರಯೋಗ ಮಾಡಿ ಸುಸ್ತಾಗ್ತಿದ್ದ ಹುಡುಗ ಗಡಿಯಾರಕ್ಕೆ ಒಂದು ಹಲ್ಲಿನ ಚಕ್ರ ಸೇರಿಸಿ, ಸರಿಯಾದ ಸಮಯಕ್ಕೆ ಅದೇ ಸಿಗ್ನಲ್ ಕಳಿಸೋ ಹಾಗೆ ಮಾಡಿ ಆರಾಮಾಗಿ ನಿದ್ದೆ ಮಾಡಿದ. ಆಮೇಲೆ ಸಿಕ್ಕಿಬಿದ್ದ. ಪ್ರಾಕ್ಸಿ ಅಟೆಂಡೆನ್ಸ್‌ಗೆ ಇಷ್ಟು ದೊಡ್ಡ ಇತಿಹಾಸ ಇದೆ ಅಂತ ನಮ್ಮ ಕ್ಲಾಸಿನವರಿಗೆ ಹೇಳಬೇಕು.

ಆತನಿಗೆ ಸಿಕ್ಕ ಮೊದಲ ಪೇಟೆಂಟ್ 1869ರಲ್ಲಿ, ಶಾಸನಸಭೆಯಲ್ಲಿ ವೋಟ್ ಬೇಗ ಎಣಿಸೋ ಒಂದು ಯಂತ್ರಕ್ಕೆ. ಯಂತ್ರ ಚೆನ್ನಾಗೇ ಕೆಲಸ ಮಾಡ್ತಿತ್ತು, ಆದರೆ ಯಾರೂ ತಗೊಳ್ಳಲಿಲ್ಲ. ರಾಜಕಾರಣಿಗಳಿಗೆ ವೋಟಿಂಗ್ ಬೇಗ ಮುಗಿಯೋದು ಬೇಕಾಗಿರಲಿಲ್ಲ, ನಿಧಾನ ಆದಷ್ಟೂ ಅವರಿಗೆ ಮಾತಾಡಿ ಮನ ಒಲಿಸೋಕೆ ಟೈಮ್ ಸಿಗ್ತಿತ್ತು. ಯಾರಿಗೂ ಬೇಡದ ವಸ್ತು ಇನ್ನು ಮಾಡಲ್ಲ ಅಂತ ಆತ ತೀರ್ಮಾನ ಮಾಡಿದ್ದು ಆಗ. ಮುಂದೆ ದೀಪದ ವಿಷಯಕ್ಕೆ ಬಂದಾಗ ಈ ಪಾಠ ಕೆಲಸಕ್ಕೆ ಬಂತು.

ಆಮೇಲೆ ನ್ಯೂಯಾರ್ಕ್, ಸ್ಟಾಕ್ ಟಿಕರ್, ನ್ಯೂವಾರ್ಕ್‌ನಲ್ಲಿ ವರ್ಕ್‌ಶಾಪ್, 1876ರಲ್ಲಿ ಮೆನ್ಲೋ ಪಾರ್ಕ್‌ನ ಲ್ಯಾಬ್, 1877ರಲ್ಲಿ ಫೋನೋಗ್ರಾಫ್. ಇವನ್ನೆಲ್ಲ ಬೇಗ ದಾಟಿಬಿಡ್ತೀನಿ, ಬೇರೆ ಕಡೆ ಸಾಕಷ್ಟು ಓದೋಕೆ ಸಿಗುತ್ತೆ.

1878ರ ಸೆಪ್ಟೆಂಬರ್‌ನಲ್ಲಿ ಎಡಿಸನ್ ಕನೆಕ್ಟಿಕಟ್‌ನ ಅನ್ಸೋನಿಯಾ ಊರಿಗೆ ಹೋಗಿ ವಿಲಿಯಂ ವಾಲೆಸ್ ಅನ್ನುವವರ ಡೈನಮೋ ಮತ್ತು ಆರ್ಕ್ ದೀಪಗಳನ್ನ ನೋಡಿದ. ಆರ್ಕ್ ದೀಪ ಅಂದ್ರೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಹಾರೋ ಕಿಡಿಯ ಬೆಳಕು. ರಸ್ತೆಗೆ, ದೊಡ್ಡ ಕಾರ್ಖಾನೆಗೆ ಸರಿ. ಆದರೆ ಒಬ್ಬ ಗುಮಾಸ್ತ ಕೂತು ಲೆಕ್ಕ ಬರೆಯೋ ಟೇಬಲ್ ಮೇಲೆ ಅದನ್ನ ಇಟ್ಟರೆ ಕಣ್ಣೇ ಹೋಗುತ್ತೆ. ಆಫೀಸುಗಳಲ್ಲಿ ಆಗ ಇದ್ದದ್ದು ಗ್ಯಾಸ್ ದೀಪ. ಗೋಡೆಯೊಳಗೆ ಪೈಪ್, ಪೈಪ್ ತುದಿಯಲ್ಲಿ ಬರ್ನರ್, ಪಕ್ಕದಲ್ಲಿ ಒಂದು ಕೀಲಿ, ತಿಂಗಳಿಗೊಮ್ಮೆ ಮೀಟರ್ ನೋಡಿ ಬಿಲ್. ಸೆಖೆ ಆಗ್ತಿತ್ತು, ಛಾವಣಿ ಮಸಿ ಹಿಡಿತಿತ್ತು, ರೂಮಿನ ಗಾಳಿ ಕೆಡ್ತಿತ್ತು. ಆದರೂ ಜನ ಅದಕ್ಕೆ ಹೊಂದಿಕೊಂಡಿದ್ದರು. ಈ ಬೆಳಕನ್ನ ಚಿಕ್ಕ ಚಿಕ್ಕ ಭಾಗ ಮಾಡೋದು ಹೇಗೆ ಅನ್ನೋದೇ ಆಗಿನ ಇಂಜಿನಿಯರ್‌ಗಳ ದೊಡ್ಡ ಪ್ರಶ್ನೆ. ಎಡಿಸನ್ ವಾಪಸ್ ಬಂದು ಕೆಲವೇ ವಾರದಲ್ಲಿ ಮಾಡಿ ತೋರಿಸ್ತೀನಿ ಅಂತ ಪೇಪರಿನವರಿಗೆ ಹೇಳಿಬಿಟ್ಟ. ಗ್ಯಾಸ್ ಕಂಪನಿಗಳ ಷೇರು ಬಿತ್ತು. ದೀಪ ಮಾತ್ರ ಇನ್ನೂ ಇರಲಿಲ್ಲ! ಜೆ.ಪಿ. ಮಾರ್ಗನ್ ಕಡೆಯವರು ದುಡ್ಡು ಹಾಕಿ ಕಂಪನಿ ಶುರು ಮಾಡಿದ್ದೂ ಆಗಲೇ. ಇವತ್ತಿನ ಸ್ಟಾರ್ಟಪ್‌ಗಳು ಹೊಸದೇನೂ ಮಾಡ್ತಿಲ್ಲ.

ಈಗ ಸ್ವಲ್ಪ ಲೆಕ್ಕ. ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್ ನೆನಪಿದ್ದರೆ ಸಾಕು. 100 ವ್ಯಾಟ್‌ನ ಒಂದು ದೀಪ ತಗೊಳ್ಳಿ. ಅದರ ರೆಸಿಸ್ಟೆನ್ಸ್ ಕೇವಲ 1 ಓಮ್ ಇದ್ದರೆ ಅದಕ್ಕೆ 10 ವೋಲ್ಟ್, 10 ಆಂಪಿಯರ್ ಬೇಕು. ಅಂಥ ಸಾವಿರ ದೀಪ ಅಂದ್ರೆ 10,000 ಆಂಪಿಯರ್. ಅಷ್ಟು ಕರೆಂಟ್ ಹೊರೋ ತಾಮ್ರ ಹಾಕೋಕೆ ಮಾರ್ಗನ್ ದುಡ್ಡೂ ಸಾಲದು. ಅದೇ ದೀಪವನ್ನ 110 ವೋಲ್ಟ್‌ಗೆ ಮಾಡಿದರೆ ಸಾವಿರ ದೀಪಕ್ಕೆ ಸುಮಾರು 900 ಆಂಪಿಯರ್ ಸಾಕು. ತಂತಿಯಲ್ಲಿ ವ್ಯರ್ಥ ಆಗೋ ಪವರ್‌ನ ಪಾಲು ಅಷ್ಟೇ ಇರಬೇಕು ಅಂದರೆ, ಬೇಕಾಗೋ ತಾಮ್ರ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಕಮ್ಮಿ ಆಗುತ್ತೆ. ವೋಲ್ಟೇಜ್ 11 ಪಟ್ಟು, ತಾಮ್ರ 121ರಲ್ಲಿ ಒಂದು ಪಾಲು. ಅಂದ್ರೆ ದೀಪದ ಒಳಗಿನ ಎಳೆಗೆ ನೂರು ಓಮ್‌ಗಿಂತ ಜಾಸ್ತಿ ರೆಸಿಸ್ಟೆನ್ಸ್ ಇರಬೇಕು, ಕೂದಲಿನಷ್ಟು ಸಣ್ಣ ಇರಬೇಕು, ಆದರೂ ಸುಟ್ಟು ಹೋಗಬಾರದು. ಈ ಲೆಕ್ಕಗಳಲ್ಲಿ ಆತನಿಗೆ ಜೊತೆಯಾಗಿದ್ದವನು ಫ್ರಾನ್ಸಿಸ್ ಅಪ್ಟನ್ ಅನ್ನೋ ಗಣಿತ ಓದಿದ ಹುಡುಗ. ಬೇರೆಯವರು ಬಲ್ಬ್‌ನಿಂದ ಶುರು ಮಾಡಿದರು, ಇವರು ತಾಮ್ರದ ಬಿಲ್‌ನಿಂದ ಶುರು ಮಾಡಿ ಬಲ್ಬ್‌ಗೆ ಬಂದರು. ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು.

ಪ್ಲಾಟಿನಂ ಹಾಕಿ ನೋಡಿ ಸೋತರು. 1879ರ ಅಕ್ಟೋಬರ್‌ನಲ್ಲಿ ಸುಟ್ಟು ಇದ್ದಿಲು ಮಾಡಿದ ಹತ್ತಿ ದಾರ ನಿರ್ವಾತ ಗಾಜಿನೊಳಗೆ ಹದಿಮೂರು ಗಂಟೆಗೂ ಮೇಲೆ ಉರಿಯಿತು. ಆಮೇಲೆ ಕಾರ್ಡ್‌ಬೋರ್ಡ್, ಆಮೇಲೆ ಬಿದಿರು. ಬಿದಿರು ಹುಡುಕೋಕೆ ದೇಶ ದೇಶಕ್ಕೆ ಜನರನ್ನ ಕಳಿಸಿದ. ಕೊನೆಗೆ ಜಪಾನಿನ ಕ್ಯೋಟೋ ಹತ್ತಿರದ ಯವಾತ ಅನ್ನೋ ಊರಿನ ಬಿದಿರು ಗೆದ್ದಿತು, ಅದರ ದೀಪ ಸಾವಿರ ಗಂಟೆ ದಾಟಿತು. ನ್ಯೂಜೆರ್ಸಿಯ ಶಾಲಾ ಮೇಷ್ಟ್ರು ಜೇಮ್ಸ್ ರಿಕಾಲ್ಟನ್ ಅನ್ನುವವರನ್ನ 1888ರಲ್ಲಿ ಸಿಲೋನ್, ಭಾರತದ ಕಡೆಗೂ ಇದೇ ಕೆಲಸಕ್ಕೆ ಕಳಿಸಿದ್ದ.

ಬಲ್ಬ್ ಆಯ್ತು. ಈಗ ಅದನ್ನ ಯಾರ ಆಫೀಸಿಗೆ ಹಾಕೋದು?

ಇಲ್ಲಿ ಎಡಿಸನ್ ಮಾಡಿದ ಕೆಲಸಕ್ಕೆ ಇವತ್ತು ಲೈಟಿಂಗ್ ಆಡಿಟ್ ಅಂತ ಹೆಸರು. ನ್ಯೂಯಾರ್ಕಿನ ಮ್ಯಾನ್‌ಹಟನ್ ತುದಿಯಲ್ಲಿ, ವಾಲ್ ಸ್ಟ್ರೀಟ್ ಸುತ್ತಮುತ್ತ, ಬ್ಯಾಂಕು, ಪೇಪರ್ ಆಫೀಸು, ಗೋಡೌನು ಒತ್ತೊತ್ತಾಗಿದ್ದ ಒಂದು ಏರಿಯಾ ಆರಿಸಿಕೊಂಡ. ಮನೆ ಮನೆಗೆ, ಆಫೀಸ್ ಆಫೀಸಿಗೆ ಜನ ಕಳಿಸಿದ. ಎಷ್ಟು ಗ್ಯಾಸ್ ದೀಪ ಇದೆ? ಸಂಜೆ ಎಷ್ಟು ಗಂಟೆ ತನಕ ಉರಿಯುತ್ತೆ? ತಿಂಗಳಿಗೆ ಎಷ್ಟು ಬಿಲ್? ಎಲ್ಲವನ್ನ ಮ್ಯಾಪ್ ಮೇಲೆ ಗುರುತು ಮಾಡಿದರು. ಯಾವ ರಸ್ತೆಯಲ್ಲಿ ಎಷ್ಟು ಲೋಡ್ ಬರುತ್ತೆ, ಎಲ್ಲಿ ಎಷ್ಟು ದಪ್ಪ ತಾಮ್ರ ಬೇಕು ಅನ್ನೋದು ಅಗೆಯೋಕೆ ಮುಂಚೆನೇ ಗೊತ್ತಾಯಿತು. ಜನಕ್ಕೆ ಕರೆಂಟ್ ಬೇಕಾ ಅಂತ ಆತ ಯೋಚಿಸಲಿಲ್ಲ. ಅವರಿಗೆ ಬೇಕಿದ್ದದ್ದು ಬೆಳಕು, ಗ್ಯಾಸ್‌ಗಿಂತ ಜಾಸ್ತಿ ಖರ್ಚಾಗದ ಬೆಳಕು. ಹಾಗಾಗಿ ಹೊಸ ದೀಪವನ್ನ ಆದಷ್ಟೂ ಹಳೆಯದರ ಹಾಗೇ ಮಾಡಿದ. ಒಂದು ಗ್ಯಾಸ್ ಬರ್ನರ್‌ನಷ್ಟೇ, ಅಂದ್ರೆ 16 ಕ್ಯಾಂಡಲ್ ಪವರ್ ಬೆಳಕು. ಗ್ಯಾಸ್ ದೀಪದ ಸ್ಟ್ಯಾಂಡ್‌ಗಳ ಮೇಲೇ ಹೊಸ ಬಲ್ಬ್. ಗ್ಯಾಸ್‌ಗೆ ಇದ್ದ ಹಾಗೇ ತಿರುಗಿಸೋ ಕೀಲಿ. ಗ್ಯಾಸ್ ಪೈಪ್ ತರಹವೇ ನೆಲದ ಕೆಳಗೆ ತಂತಿ. ತಲೆ ಮೇಲೆ ಟೆಲಿಗ್ರಾಫ್ ತಂತಿಗಳ ಜಾಲ ತುಂಬಿದ್ದ ಊರಿನಲ್ಲಿ ನೆಲ ಅಗೆಯೋದು ಹುಚ್ಚು ಅಂತ ಎಲ್ಲರಿಗೂ ಅನ್ನಿಸಿತ್ತು.

ಇವತ್ತು ಟ್ಯೂಬ್‌ಲೈಟಿನ ಉದ್ದಕ್ಕೇ ಇರೋ ಎಲ್‌ಇಡಿ ಟ್ಯೂಬ್ ಯಾಕೆ ಬರುತ್ತೆ ಯೋಚಿಸಿ. ಎಲ್‌ಇಡಿಗೆ ನಾಲ್ಕಡಿ ಉದ್ದ ಇರಲೇಬೇಕಾದ ಯಾವ ಅಗತ್ಯವೂ ಇಲ್ಲ. ಹಳೇ ಫಿಟ್ಟಿಂಗ್‌ನಲ್ಲಿ ಕೂರಬೇಕು, ಅಷ್ಟೇ. ಬಲ್ಬಿನ ತಿರುಪಿನ ಕಥೆಯೂ ಹೀಗೇ. ಸೀಮೆಎಣ್ಣೆ ಡಬ್ಬದ ತಿರುಗಿಸೋ ಮುಚ್ಚಳ ನೋಡಿ ಹೊಳೆಯಿತು ಅಂತ ಹೇಳ್ತಾರೆ. ಇವತ್ತು ಎಲ್‌ಇಡಿ ಬಲ್ಬ್ ಪ್ಯಾಕೆಟ್ ಮೇಲೆ ಇ27 ಅಂತ ಇರುತ್ತಲ್ಲ, ಅದರಲ್ಲಿರೋ ಇ ಅಂದ್ರೆ ಎಡಿಸನ್, 27 ಅಂದ್ರೆ ಮಿಲಿಮೀಟರ್‌ನಲ್ಲಿ ಅದರ ಅಗಲ. ನಮ್ಮ ಮನೆಗಳಲ್ಲಿ ಜಾಸ್ತಿ ಇರೋ ಎರಡು ಪಿನ್ನಿನ ಹೋಲ್ಡರ್ ಬ್ರಿಟಿಷರ ಕಡೆಯಿಂದ ಬಂದಿದ್ದು.

ಪರ್ಮಿಷನ್ ಪಡೆಯೋದು ದೊಡ್ಡ ಸಾಹಸ. 1880ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ನಗರಸಭೆಯವರನ್ನ ಮೆನ್ಲೋ ಪಾರ್ಕ್‌ಗೆ ಕರೆಸಿ, ದೀಪ ತೋರಿಸಿ, ಭರ್ಜರಿ ಊಟ ಹಾಕಿಸಿದ. ಮುಂದಿನ ವರ್ಷ ಅನುಮತಿ ಸಿಕ್ಕಿತು. ಅಗೆತದ ಮೇಲ್ವಿಚಾರಣೆಗೆ ನಗರಸಭೆ ಐವರು ಇನ್ಸ್‌ಪೆಕ್ಟರ್‌ಗಳನ್ನ ಹಾಕಿತು, ದಿನಕ್ಕೆ ಐದು ಡಾಲರ್ ಸಂಬಳ, ಕೊಡಬೇಕಾದ್ದು ಎಡಿಸನ್. ಅವರು ಕೆಲಸ ನಿಲ್ಲಿಸಿಬಿಡ್ತಾರೇನೋ ಅಂತ ಆತ ಹೆದರಿದ್ದ. ಆದರೆ ಅವರು ಬರ್ತಾ ಇದ್ದದ್ದು ಶನಿವಾರ ಮಧ್ಯಾಹ್ನ ಮಾತ್ರ, ಸಂಬಳ ತಗೊಳ್ಳೋಕೆ. ಇದನ್ನ ಎಡಿಸನ್ ವಯಸ್ಸಾದ ಮೇಲೂ ನಗುತ್ತಾ ಹೇಳ್ಕೊಳ್ತಿದ್ದನಂತೆ. ಊರು ಯಾವುದಾದರೇನು!

ಸುಮಾರು 80,000 ಅಡಿ ಕಬ್ಬಿಣದ ಪೈಪ್, ಒಳಗೆ ಅರ್ಧಚಂದ್ರ ಆಕಾರದ ಎರಡು ತಾಮ್ರದ ಕಂಬಿ, ನಡುವೆ ಕರಗಿಸಿ ಸುರಿದ ಇನ್ಸುಲೇಷನ್. ಸಾಕೆಟ್, ಸ್ವಿಚ್, ಫ್ಯೂಸ್, ಮೀಟರ್ ಯಾವುದನ್ನೂ ಅಂಗಡಿಯಲ್ಲಿ ತಗೊಳ್ಳೋ ಹಾಗಿರಲಿಲ್ಲ. ಎಲ್ಲ ತಾನೇ ಮಾಡಿಸಬೇಕಿತ್ತು. ಪರ್ಲ್ ಸ್ಟ್ರೀಟಿನಲ್ಲಿ ಎರಡು ಹಳೇ ಕಟ್ಟಡ ಕೊಂಡು ಜಂಬೋ ಅಂತ ಹೆಸರಿಟ್ಟ ಡೈನಮೋ ಕೂರಿಸಿದರು. ಒಂದೊಂದೂ ಸುಮಾರು 27 ಟನ್, ಸುಮಾರು 1,200 ದೀಪಕ್ಕೆ ಸಾಕಾಗುವಷ್ಟು. ಎರಡು ಜಂಬೋಗಳನ್ನ ಒಟ್ಟಿಗೆ ಪ್ಯಾರಲಲ್‌ನಲ್ಲಿ ಸೇರಿಸಿದಾಗ ಒಂದು ಎಳೆದರೆ ಇನ್ನೊಂದು ಮೋಟಾರ್ ತರಹ ತಿರುಗಿ, ಇಂಜಿನ್‌ಗಳು ಏರುಪೇರಾಗಿ ಕಿರುಚಿ, ನೋಡ್ತಿದ್ದವರು ಓಡಿಹೋದರು. ಗವರ್ನರ್‌ಗಳು ಒಂದಕ್ಕೊಂದು ಜಗಳಕ್ಕೆ ಬಿದ್ದಿದ್ದವು. ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಇನ್ನೂ ಬರೆಯದವರು ಈ ಘಟನೆ ನೆನಪಿಟ್ಟುಕೊಳ್ಳಿ. ಕೊನೆಗೆ ಬೇರೆ ಕಂಪನಿಯ ಇಂಜಿನ್ ತಂದ ಮೇಲೆ ಸರಿಹೋಯಿತು.

1882ರ ಸೆಪ್ಟೆಂಬರ್ 4, ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಪರ್ಲ್ ಸ್ಟ್ರೀಟಿನಲ್ಲಿ ಜಾನ್ ಲೀಬ್ ಅನ್ನೋ ಇಂಜಿನಿಯರ್ ಮೇನ್ ಸ್ವಿಚ್ ಹಾಕಿದ. ಎಡಿಸನ್ ಅಲ್ಲಿರಲಿಲ್ಲ. ವಾಲ್ ಸ್ಟ್ರೀಟಿನಲ್ಲಿ, ದುಡ್ಡು ಹಾಕಿದ್ದ ಮಾರ್ಗನ್ ಆಫೀಸಿನಲ್ಲಿ ನಿಂತು ಅಲ್ಲಿನ ದೀಪ ತಾನೇ ಹಚ್ಚಿದ. ನನಗನ್ನಿಸೋದು, ಇದು ಬರೀ ಇನ್ವೆಸ್ಟರ್‌ನ ಖುಷಿಪಡಿಸೋ ಕೆಲಸ ಅಲ್ಲ. ಸ್ಟೇಷನ್ ಎಷ್ಟೇ ಚೆನ್ನಾಗಿ ಓಡಿದರೂ ಬೆಳಕು ನೋಡಬೇಕಾದ್ದು ಟೇಬಲ್ ಮೇಲೆ. ಆ ದಿನ ಹತ್ತಿದ್ದು ಸುಮಾರು 400 ದೀಪ. ಹಗಲಾದ್ದರಿಂದ ಮೊದಲು ಯಾರಿಗೂ ಅಷ್ಟಾಗಿ ಗೊತ್ತಾಗಲಿಲ್ಲ. ಕತ್ತಲಾದ ಮೇಲೆ ನ್ಯೂಯಾರ್ಕ್ ಟೈಮ್ಸ್ ಆಫೀಸಿನ 52 ದೀಪದ ಕೆಳಗೆ ಕೂತು ಬರೆದ ಪತ್ರಕರ್ತರು, ಇದು ಮಿಣುಕೋದಿಲ್ಲ, ಕಣ್ಣಿಗೆ ತಂಪು, ಸೆಖೆನೂ ಇಲ್ಲ ಅಂತ ಮಾರನೇ ದಿನದ ಪೇಪರಿನಲ್ಲಿ ಮೆಚ್ಚಿಕೊಂಡರು. ಎರಡು ವರ್ಷದಲ್ಲಿ ಗ್ರಾಹಕರು 508, ದೀಪ ಹತ್ತು ಸಾವಿರ ದಾಟಿತು.

ತೊಂದರೆ ಇರಲಿಲ್ಲ ಅಂತಲ್ಲ. ಒಂದು ಕಡೆ ನೆಲದೊಳಗೆ ಲೀಕ್ ಆಗಿ, ಆ ಜಾಗಕ್ಕೆ ಬಂದ ಕುದುರೆಗಳೆಲ್ಲ ಲಾಳಕ್ಕೆ ಶಾಕ್ ಹೊಡೆದು ಕುಣಿಯೋಕೆ ಶುರು ಮಾಡಿದವು. ಮಾರ್ಗನ್ ಮನೆಗೆ ಬೇರೆಯೇ ಜನರೇಟರ್ ಹಾಕಿಕೊಟ್ಟಿದ್ದರು. ಅದರ ಸದ್ದಿಗೆ ಅಕ್ಕಪಕ್ಕದವರು ಜಗಳ ತೆಗೆದರು, ಒಮ್ಮೆ ವೈರಿಂಗ್‌ನಿಂದ ಬೆಂಕಿ ಬಿದ್ದು ಲೈಬ್ರರಿಯ ಡೆಸ್ಕ್ ಸುಟ್ಟಿತು. ಮಾರ್ಗನ್ ಮಾತ್ರ ತೆಗೆಸಲಿಲ್ಲ, ಸರಿ ಮಾಡಿಸಿಕೊಂಡರು.

ಈಗ ಸ್ಮಾರ್ಟ್ ಕಂಟ್ರೋಲ್ ವಿಷಯ. ಪರ್ಲ್ ಸ್ಟ್ರೀಟಿನಲ್ಲಿ ಸ್ಮಾರ್ಟ್ ಕಂಟ್ರೋಲ್ ಅಂದ್ರೆ ಒಬ್ಬ ಮನುಷ್ಯ. ಸಂಜೆ ಆಫೀಸುಗಳು ಒಂದೊಂದೇ ದೀಪ ಹಚ್ಚಿದ ಹಾಗೆ ವೋಲ್ಟೇಜ್ ಇಳಿಯುತ್ತೆ. ವೋಲ್ಟೇಜ್ ಇಳಿದರೆ ಒಂದು ಬಣ್ಣದ ದೀಪ, ಏರಿದರೆ ಇನ್ನೊಂದು ಬಣ್ಣದ ದೀಪ ಅವನ ಮುಂದೆ ಹತ್ತುತ್ತಿತ್ತು. ಅದನ್ನ ನೋಡಿ ಅವನು ಒಂದು ಚಕ್ರ ತಿರುಗಿಸಿ ಫೀಲ್ಡ್ ರೆಸಿಸ್ಟೆನ್ಸ್ ಹೊಂದಿಸಬೇಕು. ಫೀಡ್‌ಬ್ಯಾಕ್ ಲೂಪ್ ಪೂರ್ತಿ ಇದೆ, ನಡುವೆ ಒಬ್ಬ ನೌಕರ ಕೂತಿದ್ದಾನೆ ಅಷ್ಟೇ. ಆಫೀಸಿನಲ್ಲಿ ಕೂತವರಿಗೆ ಮಾತ್ರ ಒಂದು ನಷ್ಟ ಆಗಿತ್ತು. ಗ್ಯಾಸ್ ಕೀಲಿ ಅರ್ಧ ತಿರುಗಿಸಿ ಬೆಳಕು ಕಮ್ಮಿ ಮಾಡಬಹುದಿತ್ತು. ಎಡಿಸನ್ ಕೀಲಿಯಲ್ಲಿ ಆನ್ ಅಥವಾ ಆಫ್, ಎರಡೇ. ಕಮ್ಮಿ ಬೇಕು ಅಂದ್ರೆ 8 ಕ್ಯಾಂಡಲ್ ಪವರ್ ಬಲ್ಬ್ ಹಾಕಿಸ್ಕೊಳ್ಳಿ. ಗ್ಯಾಸ್ ಕಾಲದ ಆ ಸೌಲಭ್ಯ ಆಫೀಸುಗಳಿಗೆ ಚೆನ್ನಾಗಿ ವಾಪಸ್ ಬಂದಿದ್ದು ಎಲ್‌ಇಡಿ ಡಿಮ್ಮರ್ ಬಂದ ಮೇಲೆ.

ಆತನ ಮೀಟರ್ ಅಂತೂ ಕೆಮಿಸ್ಟ್ರಿ ಲ್ಯಾಬೇ ಸರಿ. ಒಂದು ಜಾಡಿಯಲ್ಲಿ ಜಿಂಕ್ ಸಲ್ಫೇಟ್ ದ್ರಾವಣ, ಅದರಲ್ಲಿ ಎರಡು ಜಿಂಕ್ ತಗಡು. ಬಳಸಿದ ಕರೆಂಟಿನ ಒಂದು ಸಣ್ಣ ಪಾಲು ಇದರ ಮೂಲಕ ಹೋಗಿ ಒಂದು ತಗಡಿನಿಂದ ಇನ್ನೊಂದಕ್ಕೆ ಜಿಂಕ್ ಸಾಗಿಸುತ್ತೆ. ತಿಂಗಳಿಗೊಮ್ಮೆ ತಗಡು ತಗೊಂಡು ಹೋಗಿ ತೂಕ ಹಾಕಿದರೆ ಬಿಲ್ ರೆಡಿ. ಫ್ಯಾರಡೇ ನಿಯಮವನ್ನ ಇಷ್ಟು ನೇರವಾಗಿ ದುಡ್ಡು ಮಾಡಿದವರು ಬೇರೆ ಯಾರೂ ಇಲ್ಲವೇನೋ. ಮೊದಲ ಕೆಲವು ತಿಂಗಳು ಯಾರಿಗೂ ಬಿಲ್ಲೇ ಕಳಿಸಲಿಲ್ಲ. ಮೊದಲ ಬಿಲ್ ಹೋಗಿದ್ದು 1883ರ ಜನವರಿಯಲ್ಲಿ, ಅನ್ಸೋನಿಯಾ ಬ್ರಾಸ್ ಆ್ಯಂಡ್ ಕಾಪರ್ ಕಂಪನಿಗೆ, 50 ಡಾಲರ್ 40 ಸೆಂಟ್. ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟುತ್ತೆ ಅನ್ನೋದಕ್ಕೂ ಆತನ ಬಳಿ ಉಪಾಯ ಇತ್ತು. ಮೀಟರ್ ಡಬ್ಬಿಯೊಳಗೆ ಒಂದು ಬಲ್ಬ್, ಜೊತೆಗೆ ಎರಡು ಲೋಹ ಅಂಟಿಸಿದ ಪಟ್ಟಿ. ತಣ್ಣಗಾದರೆ ಪಟ್ಟಿ ಬಾಗಿ ಬಲ್ಬ್ ತಾನೇ ಹತ್ತುತ್ತೆ, ಬೆಚ್ಚಗಾದರೆ ತಾನೇ ಆರುತ್ತೆ. ಮೊದಲ ಸಲ ಚಳಿ ಬಂದ ದಿನ, ನಮ್ಮ ಮೀಟರ್ ಕೆಂಪಗೆ ಕಾದಿದೆ, ಏನ್ ಮಾಡೋದು ಅಂತ ಕೇಳ್ಕೊಂಡು ಜನ ಸ್ಟೇಷನ್‌ಗೆ ಓಡಿಬಂದರಂತೆ. ಆಫೀಸ್ ಬಿಲ್ಡಿಂಗ್‌ನಲ್ಲಿ ಯಾರೂ ಸ್ವಿಚ್ ಮುಟ್ಟದೆ ಸೆನ್ಸರ್ ನೋಡಿ ತಾನೇ ಹತ್ತಿ ಆರೋ ದೀಪ ಬೇಕು ಅಂದ್ರೆ, ಅದು 1880ರ ದಶಕದಲ್ಲೇ ಇತ್ತು, ಮೀಟರ್ ಡಬ್ಬಿಯೊಳಗೆ.

ಇದೇ ಸಮಯದಲ್ಲಿ ಇನ್ನೊಂದು ವಿಚಿತ್ರ ನಡೀತು. ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗ್ತಿತ್ತು. ಯಾಕೆ ಅಂತ ನೋಡೋಕೆ ಎಳೆಯ ಪಕ್ಕ ಒಂದು ಲೋಹದ ತಗಡು ಇಟ್ಟ. ತಗಡಿಗೆ ಪಾಸಿಟಿವ್ ಕೊಟ್ಟರೆ ಖಾಲಿ ಜಾಗದಲ್ಲೇ ಕರೆಂಟ್ ಹರಿಯಿತು, ನೆಗೆಟಿವ್ ಕೊಟ್ಟರೆ ಇಲ್ಲ. ಎಲೆಕ್ಟ್ರಾನ್ ಅನ್ನೋದು ಗೊತ್ತಾಗೋಕೆ ಇನ್ನೂ ಹದಿಮೂರು ಹದಿನಾಲ್ಕು ವರ್ಷ ಬೇಕಿತ್ತು. ಎಡಿಸನ್ ಇದನ್ನ ಬೆಳಕಿನ ಲೈನಿನ ವೋಲ್ಟೇಜ್ ಏರಿಳಿತ ತೋರಿಸೋ ಸಾಧನ ಅಂತ 1883ರಲ್ಲಿ ಪೇಟೆಂಟ್‌ಗೆ ಹಾಕಿದ, 1884ರಲ್ಲಿ ಸಿಕ್ಕಿತು, ಆಮೇಲೆ ಬಿಟ್ಟುಬಿಟ್ಟ. ಆತನ ಲಂಡನ್ ಕಂಪನಿಗೆ ಸಲಹೆಗಾರನಾಗಿದ್ದ ಫ್ಲೆಮಿಂಗ್ 1904ರಲ್ಲಿ ಇದೇ ವಿದ್ಯಮಾನದಿಂದ ಡಯೋಡ್ ಮಾಡಿದ. ಎಲ್‌ಇಡಿಯ ಕೊನೆಯ ಅಕ್ಷರ ಅದೇ ಡಯೋಡ್. ಸೆಮಿಕಂಡಕ್ಟರ್ ಡಯೋಡ್ ಕೆಲಸ ಮಾಡೋ ರೀತಿ ಬೇರೆ, ಒಂದೇ ದಿಕ್ಕಿಗೆ ಕರೆಂಟ್ ಬಿಡೋ ಗುಣ ಮಾತ್ರ ಒಂದೇ. ಆದರೂ ಬಲ್ಬಿನ ಗಾಜು ಒರೆಸೋಕೆ ಹೋದ ಮನುಷ್ಯನ ಕೈಗೆ ಎಲೆಕ್ಟ್ರಾನಿಕ್ಸ್ ಸಿಕ್ಕಿ ಜಾರಿಹೋಯಿತು ಅಂದ್ರೆ ಹೊಟ್ಟೆ ಉರಿಯುತ್ತೆ.

1884 ಆತನ ಮನೆಗೆ ಒಳ್ಳೆಯ ವರ್ಷ ಅಲ್ಲ. ಆಗಸ್ಟ್‌ನಲ್ಲಿ ಹೆಂಡತಿ ಮೇರಿ ಸತ್ತುಹೋದಳು, ಇನ್ನೂ ಮೂವತ್ತು ಕೂಡ ಆಗಿರಲಿಲ್ಲ. ಮೂರು ಮಕ್ಕಳು. ಮೊದಲಿಬ್ಬರನ್ನ ಮೋರ್ಸ್ ನೆನಪಿಗೆ ಡಾಟ್, ಡ್ಯಾಶ್ ಅಂತ ಕರೀತಿದ್ದ. ರಾತ್ರಿಯೆಲ್ಲ ಲ್ಯಾಬಿನಲ್ಲೇ ಇರ್ತಿದ್ದ ಅಪ್ಪ ಮಕ್ಕಳಿಗೆ ಎಷ್ಟು ಸಿಕ್ಕಿದನೋ. 1886ರಲ್ಲಿ ಮೀನಾ ಮಿಲ್ಲರ್ ಜೊತೆ ಎರಡನೇ ಮದುವೆ ಆಯಿತು. ಅವಳಿಗೂ ಮೋರ್ಸ್ ಕಲಿಸಿದ್ದ.

ಇನ್ನು ಆತ ಸೋತ ಭಾಗ. ಡಿಸಿ 110 ವೋಲ್ಟ್‌ನಲ್ಲಿ ಸ್ಟೇಷನ್‌ನಿಂದ ಒಂದು ಮೈಲಿ ಆಚೆ ಹೋದರೆ ಬೆಳಕು ಮಂಕು. ಮೂರು ತಂತಿಯ ವ್ಯವಸ್ಥೆ ಮಾಡಿ ತಾಮ್ರ ಅರ್ಧಕ್ಕಿಂತ ಜಾಸ್ತಿ ಉಳಿಸಿದ, ಆದರೂ ದೂರದ ಮಿತಿ ಹೋಗಲಿಲ್ಲ. ಎಸಿ ಮತ್ತು ಟ್ರಾನ್ಸ್‌ಫಾರ್ಮರ್ ಬಂದಾಗ ಮೊದಲು ನೋಡಬೇಕಾಗಿದ್ದವನು ಇವನೇ, ಯಾಕಂದ್ರೆ ವೋಲ್ಟೇಜ್ ಏರಿಸಿದರೆ ತಾಮ್ರ ಉಳಿಯುತ್ತೆ ಅನ್ನೋದು ಆತನದೇ ಲೆಕ್ಕ! ಯುರೋಪಿನ ಟ್ರಾನ್ಸ್‌ಫಾರ್ಮರ್ ಪೇಟೆಂಟ್ ಕೊಳ್ಳೋ ಅವಕಾಶ ಆತನ ಕಂಪನಿಯ ಕೈಯಲ್ಲೇ ಇತ್ತು, ಬಳಸಲಿಲ್ಲ. ಬದಲಿಗೆ ಎಸಿ ಅಪಾಯ ಅಂತ ಪ್ರಚಾರ ಶುರುವಾಯಿತು. 1888ರಲ್ಲಿ ಹೆರಾಲ್ಡ್ ಬ್ರೌನ್ ಅನ್ನುವವನು ಎಡಿಸನ್ ಲ್ಯಾಬಿನಲ್ಲಿ ನಾಯಿಗಳಿಗೆ ಎಸಿ ಕೊಟ್ಟು ಕೊಂದು ತೋರಿಸಿದ. 1890ರಲ್ಲಿ ಎಸಿಯಿಂದಲೇ ಮೊದಲ ವಿದ್ಯುತ್ ಕುರ್ಚಿ ಮರಣದಂಡನೆ ಆಯಿತು. ಇದನ್ನ ಬರೀ ಬಿಸಿನೆಸ್ ಅಂತ ಬಿಡೋಕೆ ನನ್ನಿಂದ ಆಗಲ್ಲ. ಆನೆ ಟಾಪ್ಸಿಯನ್ನ ಕೊಂದಿದ್ದೂ ಎಡಿಸನ್ ಅಂತ ರೀಲ್ಸ್‌ನಲ್ಲಿ ಬರುತ್ತಲ್ಲ, ಅದು ಮಾತ್ರ ಸರಿಯಲ್ಲ. ಅದು 1903, ಕರೆಂಟ್ ಜಗಳ ಮುಗಿದು ವರ್ಷಗಳೇ ಆಗಿದ್ದವು. ಆತನ ಹೆಸರಿನ ಸಿನಿಮಾ ಕಂಪನಿ ಅದನ್ನ ಚಿತ್ರೀಕರಿಸಿತು, ಅಷ್ಟೇ.

ಗ್ಯಾಸ್ ಕಂಪನಿಗಳು ಹೊಸದನ್ನ ತಡೆಯೋಕೆ ಅಪಾಯ, ಅಪಾಯ ಅಂತ ಕೂಗಿದ್ದನ್ನ ಸಹಿಸಿಕೊಂಡವನೇ, ತನ್ನದು ಹಳೆಯದಾದಾಗ ಅದೇ ಕೂಗು ಹಾಕಿದ. 1892ರಲ್ಲಿ ಮಾರ್ಗನ್ ಕಡೆಯವರು ಎಡಿಸನ್ ಕಂಪನಿಯನ್ನ ಥಾಮ್ಸನ್-ಹ್ಯೂಸ್ಟನ್ ಕಂಪನಿ ಜೊತೆ ಸೇರಿಸಿ ಜನರಲ್ ಎಲೆಕ್ಟ್ರಿಕ್ ಮಾಡಿದರು. ಹೆಸರಿನಿಂದ ಎಡಿಸನ್ ಅನ್ನೋದು ಹೋಯಿತು. ಆತನ ಮನಸ್ಸು ದೀಪದ ವ್ಯವಹಾರದಿಂದ ಹೊರಗೆ ಹೋಗಿದ್ದೂ ಆಗ. ಕಬ್ಬಿಣದ ಅದಿರು, ಬ್ಯಾಟರಿ, ಸಿಮೆಂಟ್, ಸಿನಿಮಾ ಅಂತ ಬೇರೆ ಬೇರೆ ಕಡೆ ತಿರುಗಿದ.

ಹೆಸರು ಕಳೆದುಕೊಂಡ ಅದೇ ಜನರಲ್ ಎಲೆಕ್ಟ್ರಿಕ್ ಹತ್ತು ವರ್ಷದ ಮೇಲೆ ನಮ್ಮ ಕಾವೇರಿ ದಡಕ್ಕೂ ಬಂತು. ಶಿವನಸಮುದ್ರದ ವಿದ್ಯುತ್ ಯಂತ್ರಗಳು ಅವರದ್ದು. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬೀದಿದೀಪ ಬಂತು. ಹೋಗಿದ್ದು ಎಸಿ. ಎಡಿಸನ್ ಮಾತು ಕೇಳಿದ್ದರೆ ಆ ಕರೆಂಟು ಕಾವೇರಿ ದಡ ಬಿಟ್ಟು ಹೊರಡ್ತಾನೇ ಇರಲಿಲ್ಲ.

ಆದರೆ ನ್ಯೂಯಾರ್ಕಿನಲ್ಲಿ ಆತನ ಡಿಸಿ ಅಷ್ಟು ಬೇಗ ಸಾಯಲಿಲ್ಲ. ಹಳೇ ಕಟ್ಟಡಗಳ ಲಿಫ್ಟ್‌ಗಳಿಗೆ ಅಂತ ಡಿಸಿ ಸಪ್ಲೈ ಇದ್ದೇ ಇತ್ತು, ಕೊನೆಯ ಗ್ರಾಹಕನ ಲೈನ್ ಕತ್ತರಿಸಿದ್ದು 2007ರ ನವೆಂಬರ್ 14ಕ್ಕೆ. ತಮಾಷೆ ಏನಂದ್ರೆ, ಅಷ್ಟರಲ್ಲಿ ಎಲ್‌ಇಡಿ ಬಂದಾಗಿತ್ತು, ಅದಕ್ಕೆ ಬೇಕಾದ್ದು ಡಿಸಿನೇ. ಪ್ರತಿ ಎಲ್‌ಇಡಿ ದೀಪದೊಳಗಿನ ಡ್ರೈವರ್ ಮಾಡೋ ಮೊದಲ ಕೆಲಸ ಎಸಿಯನ್ನ ಡಿಸಿ ಮಾಡೋದು. ಆಮ್‌ಸ್ಟರ್‌ಡ್ಯಾಮ್‌ನ ದಿ ಎಡ್ಜ್ ಅನ್ನೋ ಆಫೀಸ್ ಕಟ್ಟಡದಲ್ಲಿ ಛಾವಣಿಯ ದೀಪಗಳಿಗೆ ಮಾಮೂಲಿ ವೈರಿಂಗೇ ಇಲ್ಲ, ಇಂಟರ್‌ನೆಟ್ ಕೇಬಲ್‌ನಲ್ಲೇ ಡಿಸಿ ಪವರ್ ಮತ್ತು ಡೇಟಾ ಎರಡೂ ಬರುತ್ತೆ. ಯಾರು ಎಲ್ಲಿ ಕೂತಿದ್ದಾರೆ ಅಂತ ದೀಪಕ್ಕೇ ಗೊತ್ತು.

ಪರ್ಲ್ ಸ್ಟ್ರೀಟ್ ಇರೋ ನ್ಯೂಯಾರ್ಕ್ ನಗರವೇ 2009ರಲ್ಲಿ ಲೋಕಲ್ ಲಾ 88 ಅನ್ನೋ ಕಾನೂನು ಮಾಡಿತು. ದೊಡ್ಡ ಕಟ್ಟಡಗಳೆಲ್ಲ 2025ರ ಜನವರಿ 1ರೊಳಗೆ ದೀಪ ಮತ್ತು ಅದರ ಕಂಟ್ರೋಲ್‌ಗಳನ್ನ ಹೊಸ ಮಟ್ಟಕ್ಕೆ ತರಬೇಕಿತ್ತು, ದೊಡ್ಡ ಬಾಡಿಗೆದಾರರಿಗೆ ಪ್ರತ್ಯೇಕ ಮೀಟರ್ ಹಾಕಬೇಕಿತ್ತು. ದೀಪ ಎಣಿಸು, ಎಷ್ಟು ಗಂಟೆ ಉರಿಯುತ್ತೆ ಬರೆದುಕೋ, ಹಳೇ ಫಿಟ್ಟಿಂಗ್‌ನಲ್ಲೇ ಹೊಸದು ಕೂರಿಸು, ಮೀಟರ್ ಇಡು. ಅದೇ ವಾಲ್ ಸ್ಟ್ರೀಟಿನ ಸುತ್ತ ಆಡಿಟರ್‌ಗಳು ಟ್ಯಾಬ್ ಹಿಡಿದು ಅದೇ ಕೆಲಸ ಮತ್ತೆ ಮಾಡಿದರು. ಎಡಿಸನ್‌ನ 16 ಕ್ಯಾಂಡಲ್ ದೀಪ ಸುಮಾರು 100 ವ್ಯಾಟ್ ತಗೊಂಡು ಕೊಡ್ತಾ ಇದ್ದದ್ದು 200 ಲ್ಯೂಮೆನ್ ಆಸುಪಾಸು. ಈಗಿನ ಒಳ್ಳೇ ಎಲ್‌ಇಡಿಗೆ ಅದಕ್ಕೆ 2 ವ್ಯಾಟ್ ಸಾಕು. ದೀಪ ಐವತ್ತು ಪಟ್ಟು ಉತ್ತಮ ಆಗಿದೆ, ಎಣಿಸೋ ಕೆಲಸ ಮಾತ್ರ ಹಾಗೇ ಇದೆ.

ಎಡಿಸನ್ ತೀರಿಕೊಂಡಿದ್ದು 1931ರ ಅಕ್ಟೋಬರ್ 18ರಂದು, ವೆಸ್ಟ್ ಆರೆಂಜ್‌ನ ಮನೆಯಲ್ಲಿ, 84ನೇ ವಯಸ್ಸಿಗೆ. ಗೌರವಕ್ಕೆ ದೇಶದ ಪವರ್ ಸ್ಟೇಷನ್‌ಗಳನ್ನೆಲ್ಲ ಒಂದು ನಿಮಿಷ ಪೂರ್ತಿ ನಿಲ್ಲಿಸಬೇಕು ಅನ್ನೋ ಮಾತು ಬಂತು. ಯೋಚನೆ ಮಾಡಿ ನೋಡಿದರೆ ಅದು ಆಗೋ ಕೆಲಸ ಆಗಿರಲಿಲ್ಲ. ಆಸ್ಪತ್ರೆ, ನೀರಿನ ಪಂಪು, ಲಿಫ್ಟು, ಸಿಗ್ನಲ್ಲು ಎಲ್ಲ ಅದರ ಮೇಲೆ ನಿಂತಿದ್ದವು. ಕೊನೆಗೆ ಅಧ್ಯಕ್ಷ ಹೂವರ್, ಅಕ್ಟೋಬರ್ 21ರ ರಾತ್ರಿ ಹತ್ತು ಗಂಟೆಗೆ ಜನ ತಂತಮ್ಮ ಮನೆಯ, ಆಫೀಸಿನ ದೀಪವನ್ನ ತಾವೇ ಒಂದು ನಿಮಿಷ ಆರಿಸಲಿ ಅಂತ ಕೇಳಿಕೊಂಡರು. ಸ್ಟೇಷನ್‌ಗಳು ಓಡ್ತಾನೇ ಇದ್ದವು. ಆರಿಸಿದವರು ಗೋಡೆ ಹತ್ತಿರ ಹೋಗಿ ಸ್ವಿಚ್ ಒತ್ತಿದರು, ಒಂದು ನಿಮಿಷ ಆದ ಮೇಲೆ ಮತ್ತೆ ಹಾಕಿಕೊಂಡರು.